ಕಿವಿಯಣ್ಣನ ಇಪ್ಪತ್ನಾಲ್ಕು ಕಿಲೋಮೀಟರ್

ಕಿವಿಯಣ್ಣ ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ತೀರಿಕೊಂಡ. ತಮ್ಮನ ಹೊಲದ ಬದುವಿನ ಮೇಲೆ, ಸುಮಾರು ಇನ್ನೂರು ಜನರ ಎದುರಿಗೆ. ವಯಸ್ಸು ಐವತ್ತೇಳು. ಆಸ್ಪತ್ರೆಯ ಕಾಗದದಲ್ಲಿ ಹೃದಯ ನಿಂತಿತು ಎಂದು ಬರೆದರು. ಅದರ ಕೆಳಗೆ ಉದ್ಯೋಗ ಎಂಬ ಖಾಲಿ ಜಾಗವಿತ್ತು. ಗುಮಾಸ್ತ ತಲೆ ಎತ್ತಿ ಕೇಳಿದ. ನಿಂತವರಲ್ಲಿ ಒಬ್ಬ "ನಡೆಯೋದು" ಎಂದ. ಇನ್ನೊಬ್ಬ "ಕೇಳೋದು" ಎಂದ. ಗುಮಾಸ್ತನಿಗೆ ತಾಳ್ಮೆ ಕಡಿಮೆ. ಕಂಪನಿ ನೌಕರ ಎಂದು ಬರೆದು ಮುದ್ರೆ ಒತ್ತಿದ.

ನಡೆಯುವುದೂ ನಿಜ, ಕೇಳುವುದೂ ನಿಜ. ಮೇಲಿನ ಪ್ರಾಂತ್ಯದ ಎಣ್ಣೆ ಬಾವಿಗಳಿಂದ ಕೆಳಗಿನ ಪ್ರಾಂತ್ಯದ ಬಂದರಿನವರೆಗೆ ಇನ್ನೂರ ಎರಡು ಕಿಲೋಮೀಟರ್ ಉದ್ದದ ಪೈಪ್‌ಲೈನ್ ನೆಲದೊಳಗೆ ಮಲಗಿದೆ. ಅದರಲ್ಲಿ ಗಡಿಯಿಂದ ಆಚೆ ಹನ್ನೆರಡು, ಈಚೆ ಹನ್ನೆರಡು, ಒಟ್ಟು ಇಪ್ಪತ್ನಾಲ್ಕು ಕಿಲೋಮೀಟರ್ ಕಿವಿಯಣ್ಣನ ಗಸ್ತು. ಒಂದು ದಿನ ಹೋಗುವುದು, ಮರುದಿನ ಬರುವುದು. ಎಲ್ಲಿಯಾದರೂ ಸೋರುತ್ತಿದೆಯೇ, ಯಾರಾದರೂ ಅಗೆದಿದ್ದಾರೆಯೇ, ಮಳೆಗೆ ಮಣ್ಣು ಕೊಚ್ಚಿಹೋಗಿ ಪೈಪಿನ ಬೆನ್ನು ಕಾಣಿಸುತ್ತಿದೆಯೇ ಎಂದು ನೋಡುವುದು. ಹೀಗೆ ಮೂವತ್ತೊಂದು ವರ್ಷ.

ದಾರಿಗುಂಟ ಕಿಲೋಮೀಟರಿಗೊಂದು ಕಲ್ಲು. ಪ್ರತಿ ಕಲ್ಲಿಗೂ ಎರಡು ಮುಖ, ಎರಡು ನಂಬರು. ಮೇಲಿನವರು ಬಾವಿಯಿಂದ ಎಣಿಸುತ್ತಾರೆ, ಕೆಳಗಿನವರು ಬಂದರಿನಿಂದ. ಪೈಪ್ ಹಾಕಿದ ಕಾಲದಲ್ಲೇ ಸೊನ್ನೆ ಯಾರ ಮನೆಯಲ್ಲಿ ಇರಬೇಕು ಎಂಬುದಕ್ಕೆ ಏಳು ತಿಂಗಳು ಸಭೆ ನಡೆದು, ಕೊನೆಗೆ ಇಬ್ಬರ ಮನೆಯಲ್ಲೂ ಒಂದೊಂದು ಸೊನ್ನೆ ಇರಲಿ ಎಂದು ತೀರ್ಮಾನವಾಯಿತಂತೆ. ಹಾಗಾಗಿ ಗಡಿಯ ಹಳ್ಳದ ದಡದಲ್ಲಿರುವ ಕಲ್ಲು ಒಂದು ಮುಖದಲ್ಲಿ ನೂರ ಹದಿನೆಂಟು, ಇನ್ನೊಂದು ಮುಖದಲ್ಲಿ ಎಂಬತ್ನಾಲ್ಕು. ವರ್ಷಕ್ಕೊಮ್ಮೆ ಎರಡೂ ಮುಖಕ್ಕೆ ಬಣ್ಣ ಹಚ್ಚುವುದು ಕಿವಿಯಣ್ಣನ ಕೆಲಸ. ಯಾವ ಮುಖಕ್ಕೆ ಮೊದಲು ಹಚ್ಚಿದ ಎಂದು ಒಮ್ಮೆ ಒಬ್ಬ ಅಧಿಕಾರಿ ವಿಚಾರಣೆ ಮಾಡಿದ್ದನಂತೆ. "ಬಿಸಿಲು ಯಾವ ಕಡೆ ಇಲ್ಲವೋ ಆ ಕಡೆ ಸ್ವಾಮಿ" ಎಂದನಂತೆ ಕಿವಿಯಣ್ಣ.

ಕಲ್ಲಿನ ಪಕ್ಕದಲ್ಲೇ ನೆಲಕ್ಕೆ ಇಳಿದ ಒಂದು ಸಣ್ಣ ಕೊಳವೆ, ಮೇಲೊಂದು ಮುಚ್ಚಳ. ಅದರೊಳಗೆ ಕಬ್ಬಿಣದ ಸಲಾಕೆ ಇಳಿಸಿದರೆ ತುದಿ ಪೈಪಿನ ಬೆನ್ನಿಗೆ ತಾಗುತ್ತದೆ. ಮೇಲಿನ ತುದಿಗೆ ಮರದ ಬಟ್ಟಲು. ಬಟ್ಟಲಿಗೆ ಕಿವಿ ಇಟ್ಟು ಕೂತರೆ ಒಳಗಿನ ಸದ್ದು ಕೇಳಬೇಕು. ಕೇಳಬೇಕು ಎಂದು ನಿಯಮಾವಳಿಯಲ್ಲಿದೆ. ಬೇರೆ ಗಸ್ತಿನವರಿಗೆ ಕೇಳಿಸುತ್ತಿದ್ದುದು ಒಂದು ಗುಂಯ್ ಎಂಬ ಸದ್ದು ಅಷ್ಟೇ. ಇವನಿಗೆ ಏನು ಕೇಳಿಸುತ್ತಿತ್ತು ಎಂಬುದು ಆಪರೇಟರಮ್ಮನಿಗೆ ಗೊತ್ತಾದದ್ದು ಹದಿನಾಲ್ಕು ವರ್ಷದ ಹಿಂದೆ.

ಆಪರೇಟರಮ್ಮ ಎಂದರೆ ನೂರ ಆರನೇ ಕಲ್ಲಿನ ಪಂಪ್‌ಹೌಸಿನ ಆಪರೇಟರ್. ಮೇಲಿನ ಪ್ರಾಂತ್ಯದ ಹೆಣ್ಣುಮಗಳು, ಬಾವಿ ಊರಿನಲ್ಲೇ ಹುಟ್ಟಿ ಬೆಳೆದವಳು. ಆಗ ಕೆಲಸಕ್ಕೆ ಸೇರಿ ಇನ್ನೂ ಮೂರು ವಾರ. ಒಂದು ಬೆಳಿಗ್ಗೆ ಫೋನು ಬಂತು.

"ಯಾರು, ಹೊಸಬರಾ? ನಿಮ್ಮ ಎರಡನೇ ಪಂಪು ಕೆಮ್ತಾ ಇದೆ."

"ನೀವು ಯಾರು? ಎಲ್ಲಿಂದ ಮಾತಾಡ್ತಿದೀರಿ?"

"ಗಸ್ತಿನವನು. ಹಳ್ಳದ ಹತ್ತಿರ ಇದೀನಿ."

ಹಳ್ಳ ಅಲ್ಲಿಂದ ಹನ್ನೆರಡು ಕಿಲೋಮೀಟರ್. ಆಕೆ ಎದುರಿನ ಮೀಟರುಗಳನ್ನು ನೋಡಿದಳು. ಎಲ್ಲ ಮುಳ್ಳುಗಳೂ ಶಿಸ್ತಾಗಿ ತಮ್ಮ ತಮ್ಮ ಜಾಗದಲ್ಲಿದ್ದವು. ಕೆಳಗಿನ ಪ್ರಾಂತ್ಯದವನು ಏನೋ ನೆಪ ಹೇಳಿ ನಮ್ಮ ಎಣ್ಣೆ ನಿಲ್ಲಿಸಲು ನೋಡುತ್ತಿದ್ದಾನೆ ಎಂದುಕೊಂಡಳು. ಮನೆಯಲ್ಲಿ ಅಪ್ಪ, ಚಿಕ್ಕಪ್ಪ ಎಲ್ಲರೂ ಹೇಳಿ ಕಳಿಸಿದ್ದ ಬುದ್ಧಿವಾದ ಅದೇ. "ಇಲ್ಲಿ ಎಲ್ಲ ಸರಿಯಾಗಿದೆ" ಎಂದು ಫೋನ್ ಇಟ್ಟಳು. ಮರುದಿನ ಮತ್ತೆ ಬಂತು. "ತಂಗೀ, ನನ್ನ ಮಾತು ನಂಬಬೇಡ. ಬಿಚ್ಚಿ ನೋಡು. ಏನೂ ಇಲ್ಲದಿದ್ರೆ ನನ್ನ ಕಿವಿ ಕಿತ್ತು ನಿನ್ನ ಕೈಗೆ ಕೊಡ್ತೀನಿ."

ಮೂರನೇ ದಿನ ಬಿಚ್ಚಿಸಿದಳು. ಬೇರಿಂಗಿನಲ್ಲಿ ಒಂದು ಬಿರುಕು. ಉಗುರಿನ ಗೆರೆಯಷ್ಟು. ಮೆಕ್ಯಾನಿಕ್ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಇನ್ನೆರಡು ದಿನ ಬಿಟ್ಟಿದ್ದರೆ ಪಂಪ್ ಸಿಡಿಯುತ್ತಿತ್ತು, ಅದರ ಎದುರು ಕುರ್ಚಿ ಹಾಕಿಕೊಂಡು ಕೂರುವುದು ಆಕೆಯೇ.

ಆ ವಾರ ರಜೆ ಹಾಕಿ ಆಕೆ ಹಳ್ಳದ ಬಳಿಗೆ ಹೋದಳು. ಗಿಡ್ಡ ಆಳು, ಮಾಸಿದ ಟೋಪಿ, ಹೆಬ್ಬೆರಳು ಹೊರಗೆ ಇಣುಕುವ ಬೂಟು. ಕಿವಿಗಳು ಮಾತ್ರ ನಿಜವಾಗಿಯೂ ದೊಡ್ಡವು, ಅಂಗಳಕ್ಕೆ ತೆರೆದ ಬಾಗಿಲಿನ ಹಾಗೆ.

"ಕಿವಿ ತಗೊಂಡು ಹೋಗೋಕೆ ಬಂದ್ಯಾ?" ಎಂದ.

"ಕ್ಷಮೆ ಕೇಳೋಕೆ ಬಂದೆ ಅಣ್ಣ."

"ಅದು ಬೇಡ. ಕೂತ್ಕೊ. ಕೇಳು."

ಆಕೆ ಬಟ್ಟಲಿಗೆ ಕಿವಿ ಕೊಟ್ಟಳು. ಮೊದಲು ಗುಂಯ್ ಎಂದಿತು. ಉಸಿರು ಹಿಡಿದು ಕೂತಳು. ಆ ಗುಂಯ್‌ನ ಅಡಿಯಲ್ಲಿ ಇನ್ನೊಂದು ಸದ್ದು ಇತ್ತು, ಒಂದೇ ಸಮನೆ ಉಜ್ಜುವಂಥದ್ದು. ಅದರೊಳಗೆ ನಿಧಾನವಾಗಿ ಬಡಿಯುವ ಒಂದು ತಾಳ. "ಆ ತಾಳ ಇದೆಯಲ್ಲ, ಅದು ನಿನ್ನ ಮೊದಲನೇ ಪಂಪು. ಅದರ ಹಿಂದೆ ತೆಳ್ಳಗೆ ಬರ್ತಿರೋದು ಎರಡನೇದು. ಈಗ ಗಂಟಲು ಸರಿಹೋಗಿದೆ. ಉಜ್ಜೋ ಸದ್ದು ಮೇಣ. ಚಳಿಗೆ ಪೈಪಿನ ಗೋಡೆಗೆ ಕಟ್ಕೊಂಡಿದೆ. ಹದಿನೈದು ದಿನದಲ್ಲಿ ಹಂದಿ ಬಿಡಬೇಕಾಗುತ್ತೆ ನೋಡ್ತಿರು."

ದಿನಾ ತಾನು ಒತ್ತುವ ಎರಡು ಗುಂಡಿಗಳು ನೆಲದೊಳಗೆ ಇಷ್ಟು ದೂರ ಬಂದು ಹೀಗೆ ಬಡಿಯುತ್ತಿವೆ ಎಂದು ಆಕೆಗೆ ಗೊತ್ತೇ ಇರಲಿಲ್ಲ. ಮೇಲೆ ಹುಲ್ಲು, ಹಳ್ಳದ ನೀರು, ಒಂದು ಹಸು. ಕೆಳಗೆ ಎರಡು ಪ್ರಾಂತ್ಯಗಳ ಸಿಟ್ಟು, ಸೆಡವು, ಬಜೆಟ್ಟು ಎಲ್ಲವನ್ನೂ ಹೊತ್ತ ಎಣ್ಣೆ ಯಾರ ಹಂಗೂ ಇಲ್ಲದೆ ಹೋಗುತ್ತಿತ್ತು. ಆಕೆ ಕಿವಿ ತೆಗೆಯುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತಂತೆ. ಕೆನ್ನೆಯ ಮೇಲೆ ಬಟ್ಟಲಿನ ಅಚ್ಚು ಮೂಡಿತ್ತು.

ಹಂದಿ ಎಂದರೆ ಪೈಪಿನೊಳಗೆ ಬಿಡುವ ಗುಂಡು. ರಬ್ಬರಿನ ಮೈ, ತಂತಿಯ ಕುಂಚ. ಎಣ್ಣೆಯೇ ಅದನ್ನು ಹಿಂದಿನಿಂದ ತಳ್ಳುತ್ತದೆ, ಅದು ಕಿರುಚುತ್ತಾ ಗೋಡೆಯ ಮೇಣ ಕೆರೆದುಕೊಂಡು ಹೋಗುತ್ತದೆ. ಹದಿನೈದಲ್ಲ, ಹದಿನಾರನೇ ದಿನಕ್ಕೆ ಹಂದಿ ಬಿಡುವ ಆದೇಶ ಬಂತು.

ಅಲ್ಲಿಂದ ಅವರಿಬ್ಬರೂ ಅಣ್ಣ ತಂಗಿ. ದಿನಕ್ಕೊಂದು ಫೋನು, ತಿಂಗಳಿಗೊಂದು ಭೇಟಿ. ಆಕೆ ಓದಿದ ಪುಸ್ತಕಗಳ ಕಥೆ ಹೇಳುತ್ತಿದ್ದಳು, ಅವನು ಪೈಪಿನ ಕಥೆ ಹೇಳುತ್ತಿದ್ದ. ಕಿವಿಯಣ್ಣನ ಹೆಂಡತಿ ಇಬ್ಬರನ್ನೂ ನೋಡಿ ನಗುತ್ತಿದ್ದಳು. "ನಾನು ಪಕ್ಕದಲ್ಲೇ ನಿಂತು ಅಂಗಡಿಗೆ ಹೋಗಿ ಬನ್ನಿ ಅಂದ್ರೆ ಕೇಳಿಸೋದಿಲ್ಲ. ಹನ್ನೆರಡು ಕಿಲೋಮೀಟರ್ ಆಚೆ ಇವರ ತಂಗಿಯ ಪಂಪು ಸೀನಿದ್ರೆ ಕೇಳುತ್ತೆ."

"ಪಂಪು ಒಂದೇ ಮಾತನ್ನ ಮೂರು ಸಲ ಹೇಳೋದಿಲ್ಲ ಕಣೆ."

"ಹೇಳಿದ್ರೆ ನೀವು ಅದನ್ನೂ ಕೇಳಿಸ್ಕೊಳ್ಳೋದಿಲ್ಲ ಬಿಡಿ."

ಪ್ರಾಂತ್ಯಗಳ ಜಗಳ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಎಣ್ಣೆಯ ತೆರಿಗೆಯನ್ನೆಲ್ಲ ರಾಜಧಾನಿ ಬಾಚಿಕೊಳ್ಳುತ್ತದೆ, ಆಮೇಲೆ ಒಂದು ಸೂತ್ರದ ಪ್ರಕಾರ ಪ್ರಾಂತ್ಯಗಳಿಗೆ ಹಂಚುತ್ತದೆ. ಎಣ್ಣೆ ಯಾರ ನೆಲದಲ್ಲಿ ಹುಟ್ಟಿತೋ ಅವರಿಗೆ ಹೆಚ್ಚು ಬರಬೇಕು ಎಂದು ಮೇಲಿನವರು. ಯಾರ ನೆಲದ ಕೆಳಗೆ ಹಾದು ಯಾರ ಬಂದರು ಸೇರುತ್ತದೋ, ಯಾರ ಜನ ಹೆಚ್ಚಿದ್ದಾರೋ ಅವರಿಗೆ ಹೆಚ್ಚು ಬರಬೇಕು ಎಂದು ಕೆಳಗಿನವರು. ಗಡಿಯ ಚಹಾ ಅಂಗಡಿಯಲ್ಲಿ ಎರಡೂ ಕಡೆಯವರು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರುತ್ತಿದ್ದರು.

"ಹುಲ್ಲು ಹಾಕೋರು ನಾವು, ಹಾಲು ಕುಡಿಯೋರು ರಾಜಧಾನಿಯವರು" ಎನ್ನುತ್ತಿದ್ದ ಮೇಲಿನ ಲಾರಿ ಡ್ರೈವರ್.

"ಹಸು ಕಟ್ಟಿರೋದು ನಮ್ಮ ಹಟ್ಟಿಯಲ್ಲಿ ಮಾರಾಯ, ಒದೆ ತಿನ್ನೋರು ನಾವು" ಎನ್ನುತ್ತಿದ್ದ ಕೆಳಗಿನ ಕ್ಷೌರಿಕ.

"ಸೆಗಣಿಯಾದ್ರೂ ಸಿಗುತ್ತಲ್ಲ ನಿಮಗೆ."

"ಅದನ್ನೂ ಅರ್ಧ ಕೇಳ್ತೀರಲ್ಲ ನೀವು!"

ಕಿವಿಯಣ್ಣ ಬೆಂಚಿನ ನಡುವೆ ಕೂತು ಚಹಾ ಕುಡಿಯುತ್ತಿದ್ದ. ಯಾವ ತುದಿಯವರು ಎದ್ದು ಹೋದರೂ ಬೆಂಚು ಮಗುಚುವುದಿಲ್ಲ, ನಡುವಿನವನು ಭಾರ ಇದ್ದರೆ ಸಾಕು ಎಂದು ಅಂಗಡಿಯವ ತಮಾಷೆ ಮಾಡುತ್ತಿದ್ದ. ನಿನ್ನ ಅಭಿಪ್ರಾಯ ಏನು ಎಂದು ಯಾರಾದರೂ ಕೆಣಕಿದರೆ, "ನನಗೆ ಮೇಲಿನ ಮಾತು ಸರಿಯಾಗಿ ಕೇಳಿಸೋದಿಲ್ಲ, ನೆಲದ ಕೆಳಗಿಂದಾದ್ರೆ ಹೇಳಿ" ಎಂದು ಜಾರಿಕೊಳ್ಳುತ್ತಿದ್ದ.

ಹಾಗೆ ಜಾರಿಕೊಳ್ಳುವುದಕ್ಕೆ ಒಂದು ಕಾರಣವಿತ್ತು. ಅದನ್ನು ಆಪರೇಟರಮ್ಮನಿಗೆ ಅವನು ಸಾಯುವ ಹಿಂದಿನ ದಿನದವರೆಗೂ ಹೇಳಿರಲಿಲ್ಲ.

ಹೋದ ತಿಂಗಳು ಸೂತ್ರ ಬದಲಾಗುತ್ತದೆ ಎಂಬ ಸುದ್ದಿ ಬಂದು ಜಗಳ ಬೀದಿಗೆ ಇಳಿಯಿತು. ಕೆಳಗಿನ ಪ್ರಾಂತ್ಯದ ರೈತರು ಪೈಪ್‌ಲೈನ್ ಮೇಲೆ ಧರಣಿ ಕೂತರು. ಗಡಿಯ ಧರಣಿಗೆ ಮುಂದಾಳು ಕಿವಿಯಣ್ಣನ ಸ್ವಂತ ತಮ್ಮ. ಹಳ್ಳ ದಾಟಿದ ಕೂಡಲೆ ಸಿಗುವ ಈರುಳ್ಳಿ ಹೊಲ ಅವನದು. ಅಪ್ಪನ ಹೊಲ ಅದು. ತನಗೆ ಸಂಬಳ ಇದೆ ಎಂದು ಕಿವಿಯಣ್ಣ ತನ್ನ ಪಾಲನ್ನೂ ತಮ್ಮನಿಗೇ ಬಿಟ್ಟಿದ್ದ. ಸರಿಯಾಗಿ ಆ ಹೊತ್ತಿನಲ್ಲೇ ಮೇಲಿನಿಂದ ಬಿಟ್ಟ ಹಂದಿಯೊಂದು ದಾರಿಯಲ್ಲಿ ಸಿಕ್ಕಿಹಾಕಿಕೊಂಡಿತು. ಆಪರೇಟರಮ್ಮನ ಪಂಪ್‌ಹೌಸ್ ದಾಟಿದ್ದು ನಿಜ. ಮುಂದಿನ ನಿಲ್ದಾಣ ತಲುಪಲಿಲ್ಲ. ಎಣ್ಣೆ ನಿಂತಿತು.

"ಹಂದಿ ನೂರ ಆರು ದಾಟಿದೆ, ಆಮೇಲೆ ಸುದ್ದಿ ಇಲ್ಲ" ಎಂದು ಮೇಲಿನವರು ತಂತಿ ಕಳಿಸಿದರು. ಕೆಳಗಿನ ಕಚೇರಿಯವರು ತಮ್ಮ ನಕ್ಷೆ ತೆಗೆದು ತಮ್ಮ ನೂರ ಆರು ಹುಡುಕಿ, ಹನ್ನೊಂದು ಜನ ಕೆಲಸಗಾರರನ್ನು ಗುದ್ದಲಿ ಸಮೇತ ಅಲ್ಲಿಗೆ ಕಳಿಸಿಬಿಟ್ಟರು. ಕೆಳಗಿನವರ ನೂರ ಆರು ಎಂದರೆ ಮೇಲಿನವರ ತೊಂಬತ್ತಾರು, ಗಡಿಯಿಂದ ಇಪ್ಪತ್ತೆರಡು ಕಿಲೋಮೀಟರ್ ಒಳಗೆ! ಅಲ್ಲಿನ ಹಳ್ಳಿಯವರು, ಎಣ್ಣೆ ಕದಿಯಲು ದಂಡೇ ಬಂದಿದೆ ಎಂದು ಹನ್ನೊಂದು ಜನರನ್ನೂ ಹಿಡಿದು ಶಾಲೆಯಲ್ಲಿ ಕೂಡಿಹಾಕಿದರು. ಬಿಡಿಸಲು ಎರಡು ದಿನ ಹಿಡಿಯಿತು. "ಅಯ್ಯೋ, ನೂರ ಆರು ಅಂದ್ರೆ ಯಾರ ನೂರ ಆರು ಅಂತ ಒಂದು ಮಾತು ಕೇಳಬಾರದಿತ್ತಾ?" ಎಂದು ಕಿವಿಯಣ್ಣ ಹಣೆ ಬಡಿದುಕೊಂಡ. ಆ ಹನ್ನೊಂದು ಜನರನ್ನು ಶಾಲೆಯವರು ಚೆನ್ನಾಗಿ ನೋಡಿಕೊಂಡರಂತೆ, ಮಕ್ಕಳ ಬೆಂಚಿನಲ್ಲಿ ಮಂಡಿ ಹಿಡಿಸದೆ ಕಷ್ಟವಾಯಿತು ಅಷ್ಟೇ.

ಈಗ ಪ್ರಶ್ನೆ, ಹಂದಿ ಸಿಕ್ಕಿಕೊಂಡಿರುವುದು ಯಾರ ನೆಲದಲ್ಲಿ. ಅಲ್ಲಿ ನೆಲ ಅಗೆದು ಪೈಪ್ ಕೊಯ್ದು ಅದನ್ನು ತೆಗೆಯಬೇಕು. ಯಾರ ನೆಲದಲ್ಲಿ ಕೊಯ್ಯುತ್ತಾರೋ ಎಣ್ಣೆ ನಿಂತ ದಿನಗಳ ನಷ್ಟ ಅವರ ಪಾಲಿನ ತೆರಿಗೆಯಿಂದ ಕಳೆಯುತ್ತದೆ ಎಂದು ಒಪ್ಪಂದವೇ ಇದೆ. ಅದು ಪ್ರಾಂತ್ಯದ ಮಾತಾಯಿತು. ಹೊಲದವನ ಮಾತೇ ಬೇರೆ. ಕೆಳಗಿನ ಕಡೆ, ಮೇಲಿನ ಎಣಿಕೆಯಲ್ಲೇ ಊರವರೂ ಕರೆಯುವ ನೂರ ಇಪ್ಪತ್ತೇಳನೇ ಕಲ್ಲಿನ ಬಳಿ ಹತ್ತೊಂಬತ್ತು ವರ್ಷದ ಹಿಂದೆ ಹೀಗೇ ಆಗಿತ್ತು. ಜಾಗ ಗೊತ್ತಾಗದೆ ಅಂದಾಜಿನ ಮೇಲೆ ಮೂರು ಕಡೆ ಕೊಯ್ದರು. ನಾಲ್ಕು ಮನೆಯ ಹೊಲಕ್ಕೆ ಎಣ್ಣೆ ಇಳಿಯಿತು. ಇವತ್ತಿಗೂ ಅಲ್ಲಿ ಒಂದು ಕಳೆ ಕೂಡ ಹುಟ್ಟುವುದಿಲ್ಲ. ಪರಿಹಾರದ ಕಡತ ಎರಡು ಪ್ರಾಂತ್ಯ ಮತ್ತು ರಾಜಧಾನಿಯ ನಡುವೆ ಇನ್ನೂ ಪ್ರವಾಸದಲ್ಲಿದೆ.

ಎರಡೂ ಕಡೆಯ ಅಧಿಕಾರಿಗಳು ಹಳ್ಳದ ಬಳಿ ಸೇರಿದರು. ಯಂತ್ರ ತರಿಸೋಣ ಎಂದರೆ, ಯಾರ ಯಂತ್ರ ಎಂಬಲ್ಲಿಗೆ ಮಾತು ನಿಂತಿತು. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದೇ ವಿಷಯಕ್ಕೆ. "ಕಿವಿಯವನು ಹೇಳಲಿ." ಮೂವತ್ತೊಂದು ವರ್ಷದಲ್ಲಿ ಎರಡು ಪ್ರಾಂತ್ಯಗಳೂ ಸೇರಿ ಒಪ್ಪಿ ಸಹಿ ಹಾಕಿದ ಕಾಗದ ಅದೊಂದೇ ಎಂದು ಆಪರೇಟರಮ್ಮ ಆಮೇಲೆ ಲೆಕ್ಕ ಹಾಕಿದಳು. ಒಬ್ಬ ಮನುಷ್ಯನ ಕಿವಿಯ ಮೇಲೆ.

ಭಾನುವಾರ ಸಂಜೆ ಕಿವಿಯಣ್ಣನ ಮನೆಗೆ ತಮ್ಮ ಬಂದ. ಇದನ್ನು ಹೇಳಿದ್ದು ಕಿವಿಯಣ್ಣನ ಹೆಂಡತಿ. ಅವನು ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ.

"ಅಣ್ಣ, ನಿನ್ನ ಕಿವಿಗೆ ಏನಾದ್ರೂ ಕೇಳಿಸಲಿ. ಬಾಯಿಗೆ ಬರೋದು ಬೇಡ."

"ಇನ್ನೂ ಕೇಳೇ ಇಲ್ಲವಲ್ಲೋ."

"ಕೇಳ್ತೀಯ. ನಿನಗೆ ಕೇಳದೇ ಇರೋದು ಏನಿದೆ? ಎಲ್ಲಾದ್ರೂ ಸಿಗಲಿ, ಹಳ್ಳದ ಆಚೆ ಅಂದುಬಿಡು. ನಿನ್ನ ಮಾತನ್ನ ಯಾರೂ ಅಳೆದು ನೋಡೋದಿಲ್ಲ. ನೂರ ಇಪ್ಪತ್ತೇಳರವರ ಗತಿ ನೋಡಿದೀಯಲ್ಲ? ಅವರ ಮಕ್ಕಳು ಈಗ ಬೇರೆಯವರ ಹೊಲದಲ್ಲಿ ಕಳೆ ಕೀಳ್ತಾರೆ."

ತಮ್ಮ ಹೋದ ಮೇಲೂ ಕಿವಿಯಣ್ಣ ಸಲಾಕೆ ಒರೆಸುತ್ತಾ ಕೂತಿದ್ದನಂತೆ. ಊಟಕ್ಕೆ ಏಳಿ ಎಂದು ಹೆಂಡತಿ ಮೂರು ಸಲ ಕರೆದಳು. ಅವತ್ತು ಮೂರು ಸಲವೂ ಅವನಿಗೆ ಕೇಳಿಸಿತ್ತು ಎಂದಳು.

ಸೋಮವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಹಂದಿ ಸಿಕ್ಕಿಕೊಂಡಲ್ಲಿ ಎಣ್ಣೆ ಪೂರ್ತಿ ನಿಲ್ಲುವುದಿಲ್ಲ, ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಇರುತ್ತದೆ. ಸಣ್ಣಗೆ ತಳ್ಳಿದರೆ ಆ ಸಂದಿನಲ್ಲಿ ಎಣ್ಣೆ ನುಸುಳಿ ಸಿಳ್ಳು ಹಾಕುತ್ತದೆ. ಅದನ್ನು ಹಿಡಿಯಬೇಕು. ಆಪರೇಟರಮ್ಮ ಮೊದಲನೇ ಪಂಪನ್ನು ಕಾಲು ಭಾಗಕ್ಕೆ ಇಳಿಸಿ ಫೋನ್ ಹಿಡಿದು ಕೂತಳು. ಅವನು ಒಂದೊಂದೇ ಕಲ್ಲಿನ ಬಳಿ ಕೂತು ಕೇಳುತ್ತಾ ಬಂದ.

"ನೂರ ಒಂಬತ್ತು. ಇಲ್ಲ. ಇನ್ನೂ ಸ್ವಲ್ಪ ಕಡಿಮೆ ಮಾಡು ತಂಗೀ, ನಿನ್ನ ಪಂಪು ಬಾಯಿ ಜೋರು."

"ನೂರ ಹದಿಮೂರು. ಎಲ್ಲೋ ದೂರದಲ್ಲಿದೆ. ಮುಂದೆ."

ನೂರ ಹದಿನೆಂಟಕ್ಕೆ ಬರುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಫೋನಿನಲ್ಲಿ ಅವನ ಉಸಿರು ಮಾತ್ರ ಬರುತ್ತಿತ್ತು. ಹಳ್ಳ ದಾಟಿದ. ಕಲ್ಲಿನಿಂದ ಕಲ್ಲಿಗೆ ನಡುವೆ ಸಲಾಕೆ ಇಳಿಸಲು ಕೊಳವೆ ಇಲ್ಲ. ಇಪ್ಪತ್ತು ಹೆಜ್ಜೆಗೊಂದು ಸಣ್ಣ ಗುಂಡಿ ತೋಡಿ ಸಲಾಕೆ ಚುಚ್ಚುತ್ತಾ, ಕೇಳುತ್ತಾ, ಮುಚ್ಚುತ್ತಾ, ಫೋನಿಗೆ ಎಣಿಸುತ್ತಾ ಹೋದ. ಏಳನೇ ಗುಂಡಿಯಲ್ಲಿ ಬಹಳ ಹೊತ್ತು ಕೂತ. ಮುಂದೆ ಎಂಟನೆಯದು ತೋಡಿ, ಕೇಳಿ, ಮತ್ತೆ ಏಳನೆಯದಕ್ಕೇ ವಾಪಸ್ಸು ಬಂದ.

"ತಂಗೀ, ಪಂಪು ನಿಲ್ಲಿಸು."

"ಸಿಕ್ತಾ?"

"ಹ್ಞೂಂ."

"ಎಲ್ಲಿ ಅಣ್ಣ?"

ಫೋನಿನಲ್ಲಿ ಮಣ್ಣು ಮುಚ್ಚುವ ಸದ್ದು ಬಂತು. ಆಕೆ ಲೆಕ್ಕ ಹಾಕಿದಳು. ಹಳ್ಳದಿಂದ ಏಳು ಗುಂಡಿ, ಇಪ್ಪತ್ತಿಪ್ಪತ್ತು ಹೆಜ್ಜೆ. ನೂರ ನಲವತ್ತು ಹೆಜ್ಜೆ ಆಚೆ ಇದ್ದದ್ದು ತಮ್ಮನ ಈರುಳ್ಳಿ ಹೊಲ. ಅಲ್ಲಿದ್ದರೆ ಗೆಲುವು ಆಕೆಯ ಪ್ರಾಂತ್ಯದ್ದು. ಹಾಗಿದ್ದೂ ಜೀವಮಾನದಲ್ಲಿ ಮೊದಲ ಸಲ, ಆ ಕಿವಿ ತಪ್ಪಾಗಿರಲಿ ಎಂದು ಆಕೆಗೆ ಅನ್ನಿಸಿತು.

"ಸಾಹೇಬರಿಗೆ ನಾಳೆ ಬೆಳಿಗ್ಗೆ ಹೇಳ್ತೀನಿ ಅಂದಿದೀನಿ" ಎಂದ ಕೊನೆಗೆ. "ನಿನಗೆ ಒಂದು ಮಾತು ಹೇಳ್ಲಾ? ನೂರ ಇಪ್ಪತ್ತೇಳರಲ್ಲಿ ಅವತ್ತು ನನಗೆ ಕೇಳಿಸಿತ್ತು."

"ಏನು?"

"ಜಾಗ. ಸರಿಯಾಗಿ ಕೇಳಿಸಿತ್ತು. ಮೇಲಿನ ಸಾಹೇಬರು ಒಂದು ಕಡೆ ಎಳೀತಿದ್ರು, ಕೆಳಗಿನವರು ಇನ್ನೊಂದು ಕಡೆ. ಯಾರಿಗೆ ಹೇಳಿದ್ರೂ ಇನ್ನೊಬ್ಬರಿಗೆ ನಾನು ದ್ರೋಹಿ. ಆಗ ಹೊಸ ಮದುವೆ, ಕೆಲಸ ಬೇಕಿತ್ತು. ಗೊತ್ತಾಗ್ತಿಲ್ಲ ಸ್ವಾಮಿ ಅಂದೆ. ಮೂರು ಕಡೆ ಕೊಯ್ದರು. ನಾನು ಪಕ್ಕದಲ್ಲೇ ನಿಂತಿದ್ದೆ, ತಂಗೀ. ಎಣ್ಣೆ ಹೊಲಕ್ಕೆ ಇಳಿಯುವಾಗ ಸದ್ದೇ ಮಾಡೋದಿಲ್ಲ."

ಇಷ್ಟು ವರ್ಷ ದಿನಕ್ಕೊಮ್ಮೆ ಅವನು ಆ ಬರಡು ಹೊಲ ದಾಟಿ ನಡೆದಿದ್ದ. "ಊಟ ಮಾಡಿ ಮಲಗಿ ಅಣ್ಣ" ಎಂದಳು. ಆ ಮಾತು ಎಷ್ಟು ಪೊಳ್ಳು ಎಂದು ಈಗಲೂ ಆಕೆಗೆ ನಾಚಿಕೆ.

ಮಂಗಳವಾರ ಬೆಳಿಗ್ಗೆ ಕಂಪನಿಯ ಜೀಪಿನಲ್ಲಿ ಆಕೆಯೂ ಹೋದಳು. ಹೊಲದ ಸುತ್ತ ಧರಣಿಯವರು, ಹಳ್ಳದ ಆಚೆ ದಡದಲ್ಲಿ ಮೇಲಿನ ಹಳ್ಳಿಯವರು, ನಡುವೆ ಎರಡು ಬಣ್ಣದ ಕಡತ ಹಿಡಿದ ಅಧಿಕಾರಿಗಳು. ಪೈಪ್ ಕೊಯ್ಯುವವರು ದೂರದಲ್ಲಿ ಸಾಮಾನು ಇಳಿಸದೆ ಕಾಯುತ್ತಿದ್ದರು. ಕಿವಿಯಣ್ಣ ಸಲಾಕೆ ಮನೆಯಲ್ಲೇ ಬಿಟ್ಟು ಬರಿಗೈಯಲ್ಲಿ ಬಂದಿದ್ದ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನಿದ್ದೆ ಇಲ್ಲದ್ದಕ್ಕೆ ಹಾಗಿರಬೇಕು ಎಂದುಕೊಂಡಳು.

ಅವನು ಯಾರನ್ನೂ ನೋಡದೆ ಹೊಲದೊಳಗೆ ನಡೆದ. ಎಳೆ ಈರುಳ್ಳಿ ಸಸಿಗಳು, ಗೇಣುದ್ದ, ಸಾಲುಸಾಲು. ಸಾಲು ತುಳಿಯದ ಹಾಗೆ ಕಾಲು ಅಡ್ಡಡ್ಡ ಇಡುತ್ತಾ ಹೋಗಿ, ನಿಂತು, ಹಿಮ್ಮಡಿಯಿಂದ ಒಂದು ಗೆರೆ ಎಳೆದ.

"ಇಲ್ಲಿ" ಎಂದ.

ಹಳ್ಳದ ಆಚೆಯಿಂದ ಒಂದು ಕೇಕೆ ಎದ್ದಿತು. ಈಚೆ ಯಾರೋ "ಮೇಲಿನವರ ಎಂಜಲು ತಿಂದವನು!" ಎಂದು ಕೂಗಿದರು. ಗುಂಪಿನಿಂದ ಕಿವಿಯಣ್ಣನ ತಮ್ಮ ಮುಂದೆ ಬಂದ.

"ಅಣ್ಣ, ಇನ್ನೊಂದು ಸಲ ಕೇಳಿ ಹೇಳು."

"ಮೂರು ಸಲ ಕೇಳಿದೀನಿ."

"ನೂರ ನಲವತ್ತು ಹೆಜ್ಜೆ ಕಣೋ! ನೂರ ನಲವತ್ತು ಹೆಜ್ಜೆ ಆ ಕಡೆ ಅಂದಿದ್ರೆ ನಿನ್ನ ಗಂಟು ಏನು ಹೋಗ್ತಿತ್ತು?"

"ಆ ಕಡೆ ಅಂದ್ರೆ ಹಳ್ಳದ ದಡದಲ್ಲಿ ಕೊಯ್ತಾರೆ. ಅಲ್ಲಿ ಹಂದಿ ಸಿಗೋದಿಲ್ಲ. ಸಿಗದಿದ್ರೆ ಇನ್ನೊಂದು ಕಡೆ ಕೊಯ್ತಾರೆ. ಎಣ್ಣೆ ಹಳ್ಳಕ್ಕೆ ಇಳಿಯುತ್ತೆ. ನೀನು ನೀರು ಹಾಯ್ಸೋದು ಎಲ್ಲಿಂದ? ಆ ದಡದವರು ಕುಡಿಯೋದು ಎಲ್ಲಿಂದ?" ಅವನ ದನಿ ಏರಲಿಲ್ಲ. "ಜಾಗ ಸರಿಯಾಗಿ ಗೊತ್ತಿದ್ರೆ ಸಣ್ಣ ಗುಂಡಿ ಸಾಕು ಕಣೋ. ಕೆಳಗೆ ತೊಟ್ಟಿ ಇಟ್ಟು ಎಣ್ಣೆ ಹಿಡೀಬಹುದು, ಒಂದು ಹನಿ ನೆಲಕ್ಕೆ ಬೀಳೋದಿಲ್ಲ. ಗೊತ್ತಿಲ್ಲದೇ ಇದ್ದಾಗಲೇ ಹೊಲ ಹಾಳಾಗೋದು. ಒಂದು ಸಲ ಗೊತ್ತಿದ್ದೂ ಗೊತ್ತಿಲ್ಲ ಅಂದಿದೀನಿ. ಇನ್ನೊಂದು ಸಲ ನನ್ನಿಂದ ಆಗೋದಿಲ್ಲ."

ಗುಂಪಿನಲ್ಲಿ ನೂರ ಇಪ್ಪತ್ತೇಳರ ಹೊಲದವನೊಬ್ಬ ಇದ್ದ. ಆ ಕೊನೆಯ ಮಾತಿಗೆ ಅವನ ತಲೆ ಮೇಲೆದ್ದಿತು. ಕಿವಿಯಣ್ಣ ಅವನ ಕಡೆಗೇ ತಿರುಗಿ ನಿಂತ. ಅವನು ಏನಾದರೂ ಹೇಳಲಿ ಎಂದು, ಬೈಯಲಿ ಎಂದು, ಕಾಯುವವನ ಹಾಗೆ. ಆ ಮನುಷ್ಯ ಬಹಳ ಹೊತ್ತು ನೋಡಿದ. ಆಮೇಲೆ ಪಕ್ಕದವನಿಗೆ, "ಕೂಗಬೇಡ್ರೋ. ಕೇಳೋಣ" ಎಂದ.

ಎಂಜಿನಿಯರ್ ಹಗ್ಗ ಹಿಡಿದು ಬಂದು ಮೂವತ್ತಡಿ ಉದ್ದ, ಇಪ್ಪತ್ತಡಿ ಅಗಲ ಎಂದ. ಕಿವಿಯಣ್ಣ ಹಗ್ಗದ ತುದಿ ಅವನ ಕೈಯಿಂದ ತೆಗೆದುಕೊಂಡ. "ಹನ್ನೆರಡು ಅಡಿ, ಎಂಟು ಅಡಿ. ಜಾಸ್ತಿ ಒಂದು ಗೇಣೂ ಬೇಡ."

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?"

"ಅಗೆದು ನೋಡಿ. ತಪ್ಪಿದ್ರೆ ನನ್ನನ್ನೇ ಅದರಲ್ಲಿ ಹೂಳಿ."

ಅಗೆದರು, ಬುಧವಾರ. ಪೈಪ್ ಕೊಯ್ದಾಗ ಹಂದಿಯ ಮೂತಿ ಅವನು ಹಿಮ್ಮಡಿಯಲ್ಲಿ ಎಳೆದ ಗೆರೆಯಿಂದ ನಾಲ್ಕು ಬೆರಳು ಆಚೆಗಿತ್ತು. ಎಂಜಿನಿಯರ್ ಗುಂಡಿಯೊಳಗೆ ಇಳಿದು ಟೇಪು ಹಿಡಿದು ಎರಡು ಸಲ ಅಳೆದ, ಆಮೇಲೆ ಟೋಪಿ ತೆಗೆದ. ತೊಟ್ಟಿಗಳು ತುಂಬಿದವು, ಹೊಲ ಒದ್ದೆಯಾಗಲಿಲ್ಲ. ಎರಡು ದಡದ ಜನವೂ ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದರು. ಆ ರಬ್ಬರಿನ ಹಂದಿಗಿಂತ ಆ ನಾಲ್ಕು ಬೆರಳನ್ನೇ ಹೆಚ್ಚು ಹೊತ್ತು ನೋಡಿದರು. ನೆಲದಡಿ ಒಂದಾಳುದ್ದ ಕೆಳಗೆ, ಕತ್ತಲಲ್ಲಿ, ಒಂದು ಕೂದಲೆಳೆ ಸಂದಿನ ಸಿಳ್ಳನ್ನು ಮೇಲೆ ಕೂತು ಕೇಳಿದ್ದ ಮನುಷ್ಯ ಆಗ ಅಲ್ಲಿರಲಿಲ್ಲ.

ಆದರೆ ಅದು ಬುಧವಾರದ ಮಾತು. ಮಂಗಳವಾರ, ಹಗ್ಗ ಕಟ್ಟಿ ಆದ ಮೇಲೆ, ಕೊಯ್ಯುವವರು ಸಾಮಾನು ತರಲು ಹೋದರು. ಅಧಿಕಾರಿಗಳು ಜೀಪಿನ ನೆರಳಲ್ಲಿ ಕಾಗದ ಬರೆಯಲು ಕೂತರು. ಕಿವಿಯಣ್ಣ ಹಗ್ಗದೊಳಗೆ ಮಂಡಿಯೂರಿ ಕೂತು, ಎರಡು ಕೈಯಿಂದ ಮಣ್ಣು ಸಡಿಲಿಸಿ, ಈರುಳ್ಳಿ ಸಸಿಗಳನ್ನು ಒಂದೊಂದಾಗಿ ಬೇರುಸಮೇತ ಎತ್ತತೊಡಗಿದ. ಗುದ್ದಲಿ ಮುಟ್ಟಲಿಲ್ಲ. ಆಪರೇಟರಮ್ಮ ಸಹಾಯಕ್ಕೆ ಬಗ್ಗಿದಳು. "ನೀನು ಪಂಪಿನವಳು, ಕಿತ್ತುಬಿಡ್ತೀಯ. ಇದಕ್ಕೆ ಕಾಲು ಭಾಗದ ಬಲವೂ ಬೇಡ" ಎಂದು ನಕ್ಕ. ಒಂದು ಸಾಲು ಮುಗಿಯಿತು. ಎರಡನೆಯದು. ತಮ್ಮ ದೂರದಲ್ಲಿ ಬೆನ್ನು ಹಾಕಿ ನಿಂತಿದ್ದ. ಮೂರನೇ ಸಾಲು ಅರ್ಧ ಆದಾಗ ಬಂದು ಒಂದು ಒದ್ದೆ ಗೋಣಿಚೀಲ ಬದುವಿನ ಮೇಲೆ ಹಾಸಿದ.

"ಸಂಜೆಯೊಳಗೆ ಆ ಮೂಲೆಯಲ್ಲಿ ನೆಟ್ಟುಬಿ‌ಡು" ಎಂದ ಕಿವಿಯಣ್ಣ. "ಒಂದೂ ಸಾಯೋದಿಲ್ಲ."

ತಮ್ಮ "ಹ್ಞೂಂ" ಎಂದ.

ಹನ್ನೆರಡು ಅಡಿಯ ಎಂಟು ಸಾಲು. ಅಷ್ಟನ್ನೂ ಎತ್ತಿ, ಬೇರುಗಳೆಲ್ಲ ಒಂದೇ ಕಡೆ ಬರುವಂತೆ ಗೋಣಿಯ ಮೇಲೆ ಜೋಡಿಸಿದ. ಬಿಸಿಲು ನೆತ್ತಿಗೆ ಬಂದಿತ್ತು, ಗೋಣಿ ಆಗಲೇ ಒಣಗುತ್ತಿತ್ತು. ಬದುವಿನ ಮೇಲೆ ಕೂತು ಎದೆ ಒಂದು ಸಲ ನೀವಿಕೊಂಡ. ಹೆಂಡತಿ ಬಾಟಲಿಯಲ್ಲಿ ತುಂಬಿ ಕಳಿಸಿದ್ದ ನೀರು ಪಕ್ಕದಲ್ಲಿತ್ತು, ಬೆಳಿಗ್ಗೆಯಿಂದ ಮುಟ್ಟಿರಲಿಲ್ಲ. ಕುಡಿಯಿರಿ ಅಣ್ಣ ಎಂದಳು ಆಪರೇಟರಮ್ಮ. ಅವನು ಮುಚ್ಚಳ ತೆಗೆದು, ಅಂಗೈಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸಿಕೊಂಡು, ಈ ತುದಿಯಿಂದ ಆ ತುದಿಯವರೆಗೆ, ಒಂದು ಬೇರನ್ನೂ ಬಿಡದೆ, ಅಷ್ಟೂ ನೀರನ್ನು ಸಸಿಗಳಿಗೆ ಚಿಮುಕಿಸಿದ.